ಚೀನದ ಮುಷ್ಟಿವಿದ್ಯೆ: ಸ್ಥಳಪುರಾಣವೂ ಸ್ಥಳಚರಿತ್ರೆಯೂ

ಯಾವುದೊಂದು ವಿದ್ಯೆಯ ಮೂಲವನ್ನು ವಿಚಾರಿಸಹೊರಟವನಿಗೆ ಮೊದಲು ಎದುರಾಗುವುದು ಪುರಾಣ. ಚರಿತ್ರೆ ಕೈಗೆ ಸಿಕ್ಕುವುದು ಬಹು ತಡವಾಗಿ, ಅದೂ ಹಠ ಹಿಡಿದು ಹುಡುಕಿದವನಿಗೆ ಮಾತ್ರ. ಕುಂಗ್ ಫೂ ಎಂಬ ಹೆಸರಿನಿಂದ, ಚಿತ್ರಮಂದಿರಗಳ ದೆಸೆಯಿಂದ, ನಮ್ಮಲ್ಲಿ ಮನೆಮಾತಾಗಿರುವ ಚೀನದ ಮುಷ್ಟಿವಿದ್ಯೆಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಆ ವಿದ್ಯೆಯೆಲ್ಲವೂ ಶಾವೋಲಿನ್ ಎಂಬ ಒಂದು ಬೌದ್ಧವಿಹಾರದಲ್ಲಿ ಹುಟ್ಟಿತೆಂದೂ, ಅಲ್ಲಿನ ಭಿಕ್ಷುಗಳಿಗೆ ಅದನ್ನು ಉಪದೇಶಿಸಿದವನು ಕಾಂಚೀಪುರದಿಂದ ಹೋದ ಬೋಧಿಧರ್ಮನೆಂದೂ, ಆದುದರಿಂದ ಚೀನೀಯರ ಮುಷ್ಟಿಬಲವು ಮೂಲತಃ ದಕ್ಷಿಣ ಭಾರತದ ದಾನವೆಂದೂ ವಿದ್ಯಾವಂತರೇ ಹೇಳುವುದನ್ನು ಕೇಳುತ್ತೇವೆ. 2011ರಲ್ಲಿ ತೆರೆಕಂಡ ‘ಏಳಾಮ್ ಅರಿವು’ ಎಂಬ ತಮಿಳು ಚಿತ್ರ ಈ ನಂಬಿಕೆಗೆ ಹೊಸ ಬಣ್ಣ ಬಳಿದು ಊರೂರಿಗೆ ಮುಟ್ಟಿಸಿತು. ಸ್ವದೇಶಾಭಿಮಾನದ ಕಿವಿಗೆ ಇಂಥ ಮಾತು ಹಿತವಾಗುವುದು ಸಹಜವೇ. ಆದರೆ ಹಿತವಾದುದೆಲ್ಲ ನಿಜವಾಗಬೇಕಿಲ್ಲ. ಈ ಪ್ರಸಂಗದಲ್ಲಂತೂ ಹಿತವಾದ ಕಥೆಗಿಂತ ನಿಜವೇ ಹೆಚ್ಚು ಸ್ವಾರಸ್ಯವುಳ್ಳದ್ದೆಂಬುದು ನನ್ನ ಅಭಿಮತ.

ನಮ್ಮ ನಾಡಿನ ಪ್ರತಿಯೊಂದು ಕ್ಷೇತ್ರಕ್ಕೂ ಒಂದು ಸ್ಥಳಪುರಾಣವುಂಟು. ಅಲ್ಲಿ ತಪಸ್ಸು ಮಾಡಿದ ಋಷಿ ಯಾರು, ಅವನಿಗೆ ಪ್ರತ್ಯಕ್ಷನಾದ ದೇವರು ಯಾರು ಎಂಬುದನ್ನು ಅದು ಸವಿಸ್ತಾರವಾಗಿ ಹೇಳುತ್ತದೆ. ಕೆರೆ ಕಟ್ಟಿಸಿದವರು ಯಾರು, ನಂದಾದೀಪಕ್ಕೆ ಭೂಮಿ ಬಿಟ್ಟವರು ಯಾರು ಎಂಬುದು ಬೇಕಾದರೆ ಮಾತ್ರ ದೇವಸ್ಥಾನದ ಪ್ರಾಕಾರದಲ್ಲಿ ನಿಂತಿರುವ ಶಾಸನದ ಕಲ್ಲಿನ ಬಳಿಗೆ ಹೋಗಬೇಕು. ಚೀನದ ಮುಷ್ಟಿಪದ್ಧತಿಗಳಿಗೂ ಹೀಗೆಯೇ ಎರಡು ಬಗೆಯ ಊರುಗಳಿವೆ. ಪುರಾಣದ ಊರು ಯಾವಾಗಲೂ ಒಂದು ಪರ್ವತ, ಅಲ್ಲೊಬ್ಬ ಯೋಗಿ. ಚರಿತ್ರೆಯ ಊರು ಒಂದು ತಾಲ್ಲೂಕು, ಒಂದು ಸಂತೆ, ಒಂದು ಕಾಲುವೆಯ ಕಟ್ಟೆ, ಅಲ್ಲಿ ಹೊಟ್ಟೆಪಾಡಿಗಾಗಿಯೋ ಪ್ರಾಣರಕ್ಷಣೆಗಾಗಿಯೋ ಮೈ ಬಗ್ಗಿಸಿದ ಸಾಮಾನ್ಯರು. ಈ ಎರಡನೆಯ ಊರನ್ನು ಅರಿಯದೆ ಮೊದಲನೆಯದನ್ನು ಕೊಂಡಾಡುವುದು ವಿದ್ಯೆಗೂ ಗೌರವವಲ್ಲ, ಅದನ್ನು ಬೆಳೆಸಿದವರಿಗೂ ಗೌರವವಲ್ಲವೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಶಾವೋಲಿನ್ ವಿಹಾರವನ್ನೇ ಮೊದಲು ತೆಗೆದುಕೊಳ್ಳೋಣ. ಹೆನಾನ್ ಪ್ರಾಂತದ ಸುಂಗ್ ಪರ್ವತದಲ್ಲಿ ಸುಮಾರು ಕ್ರಿ.ಶ. 496ರಲ್ಲಿ ಉತ್ತರದ ವೇಯ್ ವಂಶದ ಚಕ್ರವರ್ತಿ ಅದನ್ನು ಕಟ್ಟಿಸಿಕೊಟ್ಟದ್ದು ಭಾರತದಿಂದ ಬಂದ ಒಬ್ಬ ಭಿಕ್ಷುವಿಗಾಗಿಯೇ ಎಂಬುದು ದಿಟ. ಆದರೆ ಚೀನೀ ದಾಖಲೆಗಳು ಅವನನ್ನು ಬಾತುವೊ ಎಂದು ಹೆಸರಿಸುತ್ತವೆಯೇ ಹೊರತು ಬೋಧಿಧರ್ಮನೆಂದಲ್ಲ. ಬೋಧಿಧರ್ಮನ ಪ್ರಸ್ತಾಪವಿರುವ ಅತಿ ಪ್ರಾಚೀನ ಗ್ರಂಥವಾದ, 547ರ ಸುಮಾರಿಗೆ ಯಾಂಗ್ ಶ್ವಾನ್‌ಚಿ ಬರೆದ ಲೊಯಾಂಗ್ ನಗರದ ವಿಹಾರಗಳ ವರ್ಣನೆಯಲ್ಲಿ ಅವನು ಪಾರಸೀಕ. ಅನಂತರದ ಬೌದ್ಧ ಬರಹಗಳಲ್ಲಿ ಅವನು ದಕ್ಷಿಣ ಭಾರತದ ರಾಜಪುತ್ರ. ಎರಡರಲ್ಲಿಯೂ ಅವನು ಯಾರಿಗಾದರೂ ಮುಷ್ಟಿಯುದ್ಧವನ್ನು ಕಲಿಸಿದ ಸುದ್ದಿಯೇ ಇಲ್ಲ. ಭಿಕ್ಷುಗಳು ಆಯುಧ ಹಿಡಿದುದಕ್ಕೆ ಶಾಸನದ ಸಾಕ್ಷ್ಯವಿರುವುದು 621ನೆಯ ವರ್ಷದ ಪ್ರಸಂಗಕ್ಕೆ. ಟಾಂಗ್ ವಂಶ ಆಗತಾನೆ ತಲೆಯೆತ್ತುತ್ತಿದ್ದ ಆ ಕಾಲದಲ್ಲಿ, ವಿಹಾರದ ಜಮೀನಿದ್ದ ಆಯಕಟ್ಟಿನ ಜಾಗವನ್ನು ವಾಂಗ್ ಶಿಛುಂಗ್ ಎಂಬ ಪ್ರತಿಸ್ಪರ್ಧಿ ಆಕ್ರಮಿಸಿಕೊಂಡಿದ್ದನು. ಭಿಕ್ಷುಗಳು ಅವನ ಪಡೆಯನ್ನು ಸದೆಬಡಿದು, ಅವನ ಸೋದರನ ಮಗನನ್ನು ಸೆರೆಹಿಡಿದು, ಮುಂದೆ ಚಕ್ರವರ್ತಿಯಾದ ಲಿ ಶಿಮಿನ್ ರಾಜಕುಮಾರನಿಗೆ ಒಪ್ಪಿಸಿದರು. ಅದಕ್ಕೆ ಪ್ರತಿಯಾಗಿ ದೊರೆತ ಉಂಬಳಿ 40 ಛಿಂಗ್ ಅಳತೆಯ ಭೂಮಿ ಮತ್ತು ನೀರಿನ ಬಲದಿಂದ ತಿರುಗುವ ಒಂದು ಗಿರಣಿ. 728ರಲ್ಲಿ ಕಂಡರಿಸಿದ ಶಿಲಾಶಾಸನ ಇಂದಿಗೂ ವಿಹಾರದಲ್ಲಿ ನಿಂತು ಹೇಳುತ್ತಿರುವ ಸಂಗತಿ ಇಷ್ಟೇ: ಸಂನ್ಯಾಸಿಗಳನ್ನು ಈ ಕಾಳಗಕ್ಕೆ ಎಬ್ಬಿಸಿದ್ದು ಹೊಲ.

ಅದಾದ ಮೇಲೂ ಬಹುಕಾಲ ಅವರ ಖ್ಯಾತಿಯಿದ್ದುದು ದೊಣ್ಣೆವರಸೆಯಲ್ಲಿ. ಹದಿನೇಳನೆಯ ಶತಮಾನದ ಆದಿಯಲ್ಲಿ, ಹತ್ತು ವರ್ಷಕ್ಕೂ ಮಿಕ್ಕಿ ಆ ವಿದ್ಯೆಯನ್ನು ಅಭ್ಯಾಸ ಮಾಡಿದ ಛೆಂಗ್ ಜೊಂಗ್‌ಯೂ ಎಂಬಾತನು ತನ್ನ ಗ್ರಂಥದಲ್ಲಿ ದೊಣ್ಣೆಯ ವಿದ್ಯೆಯನ್ನು ಪರಿಪೂರ್ಣವಾದುದೆಂದು ವರ್ಣಿಸಿ, ಬರಿಗೈಯ ಯುದ್ಧವು ದೇಶದಲ್ಲಿ ಇನ್ನೂ ಪ್ರಚಾರಕ್ಕೆ ಬಾರದಿರುವುದರಿಂದ ಭಿಕ್ಷುಗಳು ಅದನ್ನು ಪಕ್ವಗೊಳಿಸುವುದರಲ್ಲಿ ಈಗ ತೊಡಗಿರುವರೆಂಬ ಅರ್ಥದ ಮಾತನ್ನು ಹೇಳಿದ್ದಾನೆ. ಬೋಧಿಧರ್ಮನು ಸಾವಿರ ವರ್ಷ ಹಿಂದೆಯೇ ಕಲಿಸಿಹೋಗಿದ್ದ ವಿದ್ಯೆಯಾದರೆ ಆಗ ಅದಕ್ಕೆ ಪ್ರಚಾರವಿಲ್ಲದೆ ಹೋದುದು ಹೇಗೆ? ಬೋಧಿಧರ್ಮನ ಹೆಸರನ್ನು ದೇಹಸಾಧನೆಗೆ ಗಂಟುಹಾಕಿದ್ದು 1624ರ ವೇಳೆಗೆ ಹುಟ್ಟಿದ ‘ಯಿಜಿನ್ ಜಿಂಗ್’ ಎಂಬ ವ್ಯಾಯಾಮಗ್ರಂಥ. ಅದಕ್ಕೆ ಪ್ರಾಚೀನತೆಯ ಮುದ್ರೆಯೊತ್ತಲು ಏಳನೆಯ ಶತಮಾನದ ಸೇನಾಪತಿಯೊಬ್ಬನ ಹೆಸರಿನಲ್ಲಿ ಒಂದು ಮುನ್ನುಡಿಯನ್ನು ಸೃಷ್ಟಿಸಿದ್ದಾರೆ. ಆ ಮುನ್ನುಡಿಯ ಪ್ರಕಾರ ಸೇನಾಪತಿಗೆ ಗ್ರಂಥವನ್ನು ಕೊಟ್ಟವನು ಗುಂಗುರುಗಡ್ಡದ ಒಬ್ಬ ವೀರ. ಈ ವೀರನಾದರೋ ಟಾಂಗ್ ಯುಗದ ಒಂದು ಕಥೆಯ ಕಲ್ಪಿತ ಪಾತ್ರ! ಮೋಸವನ್ನು ಚೀನದ ಪಂಡಿತರೇ ಹದಿನೆಂಟನೆಯ ಶತಮಾನದ ಹೊತ್ತಿಗೆ ಬಯಲುಮಾಡಿದ್ದರು. ಅವರು ತಿರಸ್ಕರಿಸಿದುದನ್ನು ನಾವು ಇಲ್ಲಿ ಅಭಿಮಾನದಿಂದ ಎತ್ತಿ ಮುಡಿದುಕೊಂಡಿದ್ದೇವೆ.

ಬೌದ್ಧ ಪರ್ವತಕ್ಕೆ ಎದುರಾಗಿ ತಾವೋ ಮತದವರ ಪರ್ವತವೊಂದಿದೆ: ಹೂಬೇ ಪ್ರಾಂತದ ವುದಾಂಗ್. ಅಲ್ಲಿನ ಸಿದ್ಧನಾದ ಜಾಂಗ್ ಸಾನ್‌ಫೆಂಗನು ‘ಅಂತರ್ಮುಖ’ವಾದ ಮೃದು ಪದ್ಧತಿಗಳ ಆದ್ಯಪ್ರವರ್ತಕನೆಂಬುದು ಎರಡನೆಯ ಪುರಾಣ. ಇದರ ಬೇರು ಸಿಕ್ಕುವುದು 1669ರಲ್ಲಿ ಜೆಜಿಯಾಂಗ್ ಪ್ರಾಂತದ ಮಹಾವಿದ್ವಾಂಸ ಹ್ವಾಂಗ್ ಜೊಂಗ್‌ಶಿ ತನ್ನ ಮಿತ್ರನಾದ ವಾಂಗ್ ಜೆಂಗ್‌ನಾನನ ಸಮಾಧಿಗಾಗಿ ರಚಿಸಿದ ಚರಮಲೇಖದಲ್ಲಿ. ಶಾವೋಲಿನ್‌ನದು ಬಹಿರಂಗದ ವಿದ್ಯೆ, ಸಾನ್‌ಫೆಂಗನದು ಅಂತರಂಗದ ವಿದ್ಯೆ ಎಂಬ ಭೇದವನ್ನು ಮೊದಲು ಬರೆದಿಟ್ಟವನು ಅವನೇ. ಹ್ವಾಂಗನು ಮಿಂಗ್ ವಂಶದ ಪರವಾಗಿ, ಹೊರಗಿನಿಂದ ಬಂದ ಮಂಚು ದಂಡಿಗೆ ಎದುರು ನಿಂತಿದ್ದವನು, ಸೋತ ಮೇಲೂ ಹೊಸ ರಾಜರ ಊಳಿಗವನ್ನು ಒಪ್ಪದೆ ಉಳಿದವನು. ಹೊರಗಿನಿಂದ ಬಂದ ಧರ್ಮದ ಗಡಸು ವಿದ್ಯೆಯನ್ನು ಈ ನೆಲದ ಮೃದುವಿದ್ಯೆ ಜಯಿಸುತ್ತದೆಂಬ ಆ ಮಾತಿನಲ್ಲಿ ಪರಕೀಯ ಪ್ರಭುತ್ವದ ವಿರುದ್ಧದ ಗೂಢಾರ್ಥವುಂಟೆಂದು ಈಗಿನ ಕೆಲವು ವಿದ್ವಾಂಸರು ಭಾವಿಸುತ್ತಾರೆ. ಹೀಗೆ ಒಬ್ಬ ದೇಶಭಕ್ತ ಪಂಡಿತನು ದುಃಖದ ಹೊತ್ತಿನಲ್ಲಿ ಆಡಿದ ಮಾತು ಕಾಲಾಂತರದಲ್ಲಿ ವಂಶಾವಳಿಯಾಯಿತು.

ಪುರಾಣವನ್ನೇ ಆಡಳಿತದ ಆಧಾರವಾಗಿ ಇಟ್ಟುಕೊಂಡರೆ ಏನಾಗುವುದೆಂಬುದಕ್ಕೂ ನಿದರ್ಶನವುಂಟು. 1928ರಲ್ಲಿ ರಾಷ್ಟ್ರೀಯ ಸರ್ಕಾರದ ಆಶ್ರಯದಲ್ಲಿ, ಜಾಂಗ್ ಜಿಜಿಯಾಂಗ್ ಎಂಬ ಸೇನಾನಿಯ ನೇತೃತ್ವದಲ್ಲಿ, ನಾನ್‌ಜಿಂಗ್ ನಗರದಲ್ಲಿ ಕೇಂದ್ರ ಮುಷ್ಟಿವಿದ್ಯಾಸಂಸ್ಥೆ ಸ್ಥಾಪಿತವಾದಾಗ, ಸಮಸ್ತ ಪದ್ಧತಿಗಳನ್ನೂ ಶಾವೋಲಿನ್ ವಿಭಾಗ, ವುದಾಂಗ್ ವಿಭಾಗ ಎಂದು ಎರಡಾಗಿ ಒಡೆದು ಒಂದೊಂದಕ್ಕೂ ಒಬ್ಬ ಮುಖ್ಯಸ್ಥನನ್ನು ನೇಮಿಸಿದರು. ಇಬ್ಬರು ಮುಖ್ಯಸ್ಥರೂ ಪರಸ್ಪರ ಕೈಕೈ ಮಿಲಾಯಿಸುವವರೆಗೆ ಸ್ಪರ್ಧೆ ಬೆಳೆಯಿತು. ಕೆಲವೇ ತಿಂಗಳಲ್ಲಿ ಈ ವಿಭಜನೆಯನ್ನು ರದ್ದುಪಡಿಸಬೇಕಾಯಿತು. ಅದೇ ಸಂಸ್ಥೆಯೊಡನೆ ಸಂಬಂಧವಿದ್ದ ಟಾಂಗ್ ಹಾವೊ ಎಂಬ ನ್ಯಾಯಶಾಸ್ತ್ರ ಬಲ್ಲ ವಿದ್ವಾಂಸನು 1930ರಲ್ಲಿ ಶಾವೋಲಿನ್-ವುದಾಂಗ್ ಐತಿಹ್ಯಗಳನ್ನು ಪರಿಶೀಲಿಸುವ ಪುಸ್ತಕವೊಂದನ್ನು ಪ್ರಕಟಿಸಿ, ಬೋಧಿಧರ್ಮನನ್ನೂ ಸಾನ್‌ಫೆಂಗನನ್ನೂ ಸಾಕ್ಷಿಕಟ್ಟೆಗೆ ಕರೆದು, ಇಬ್ಬರ ಪರವಾಗಿಯೂ ಪುರಾವೆಯಿಲ್ಲವೆಂದು ತೀರ್ಪು ಕೊಟ್ಟನು. ತರುವಾಯ ಅವನು ಹೋದದ್ದು ಯಾವ ಪರ್ವತಕ್ಕೂ ಅಲ್ಲ, ಒಂದು ಹಳ್ಳಿಗೆ.

ಆ ಹಳ್ಳಿಯೇ ಹೆನಾನ್ ಪ್ರಾಂತದ ವೆನ್ ತಾಲ್ಲೂಕಿನ ಛೆನ್‌ಜಿಯಾಗೋ. ಹಳದಿ ನದಿಯ ಉತ್ತರಕ್ಕೆ, ಮಳೆಯ ನೀರು ಕೊರೆದು ಕೊರಕಲು ಮಾಡಿದ ಹಳದಿ ಮಣ್ಣಿನ ದಿಬ್ಬಗಳ ನಡುವೆ ಅದು ಇದೆ. ಮಿಂಗ್ ವಂಶದ ಆರಂಭದಲ್ಲಿ, ಯುದ್ಧದಿಂದ ಜನಶೂನ್ಯವಾಗಿದ್ದ ಆ ಸೀಮೆಗೆ ಶಾನ್‌ಶಿ ಪ್ರಾಂತದಿಂದ ವಲಸೆ ಬಂದ ಛೆನ್ ಬು ಎಂಬ ರೈತನ ಸಂತತಿಯವರು ಅಲ್ಲಿ ನೆಲಸಿದರು. ಆ ಮನೆತನದ ಒಂಬತ್ತನೆಯ ತಲೆಮಾರಿನವನಾದ ಛೆನ್ ವಾಂಗ್‌ಟಿಂಗನು ಮಿಂಗ್ ಆಳಿಕೆಯ ಕಡೆಯ ದಿನಗಳಲ್ಲಿ ತಾಲ್ಲೂಕಿನ ರಕ್ಷಣೆಗೆ ದಂಡು ಕಟ್ಟಿ ಹೋರಾಡಿ, 1644ರಲ್ಲಿ ರಾಜ್ಯವೇ ಮುಳುಗಿದ ಬಳಿಕ ಊರಿಗೆ ಮರಳಿ, ಬೇಸಾಯದ ನಡುವಣ ಬಿಡುವಿನಲ್ಲಿ ಮಕ್ಕಳು ಮೊಮ್ಮಕ್ಕಳಿಗೆ ಮುಷ್ಟಿವಿದ್ಯೆ ಕಲಿಸಿದನೆಂಬುದು ಮನೆತನದ ದಾಖಲೆಗಳಿಂದ ತಿಳಿಯುವ ಸಂಗತಿ. ಇದೇ ಇಂದು ತೈಚಿ ಎಂಬ ಹೆಸರಿನಿಂದ ಜಗತ್ತಿನ ಉದ್ಯಾನವನಗಳಲ್ಲೆಲ್ಲ ಕಾಣುವ ವಿದ್ಯೆಯ ತಾಯಿಬೇರು. 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ತೈಚಿಯನ್ನು ಸೇರಿಸಿಕೊಂಡಾಗ ಹೇಳಿದುದು ವೆನ್ ತಾಲ್ಲೂಕಿನ ಹೆಸರನ್ನೇ. ಆದರೂ ಛೆನ್ ಹಳ್ಳಿಯನ್ನು ಹೊಸದೊಂದು ಪರ್ವತಶಿಖರವಾಗಿ ಪೂಜಿಸಲಾಗದು. ಹದಿನಾರನೆಯ ಶತಮಾನದಲ್ಲಿ ಕಡಲುಗಳ್ಳರನ್ನು ಎದುರಿಸಲು ಜೆಜಿಯಾಂಗಿನ ರೈತರನ್ನು ಸೈನಿಕರನ್ನಾಗಿ ತಿದ್ದಿದ ಛಿ ಜಿಗ್ವಾಂಗ್ ಸೇನಾಪತಿ, ಅಂದಿನ ನಾನಾ ಪದ್ಧತಿಗಳಿಂದ 32 ಭಂಗಿಗಳನ್ನು ಆಯ್ದು ತನ್ನ ಯುದ್ಧಗ್ರಂಥದಲ್ಲಿ ಚಿತ್ರಸಹಿತ ಮುದ್ರಿಸಿದ್ದನು. ಆ ಭಂಗಿಗಳ ಹೆಸರುಗಳಲ್ಲಿ ಬಹುಪಾಲು ಛೆನ್ ಮನೆತನದ ವರಸೆಯಲ್ಲಿಯೂ ಇವೆಯೆಂದು ಟಾಂಗ್ ಹಾವೊ ತೋರಿಸಿಕೊಟ್ಟನು. ಆ ಕುಗ್ರಾಮಕ್ಕೂ ಸೈನ್ಯದ ದಾರಿಯಿಂದ, ಪುಸ್ತಕದ ದಾರಿಯಿಂದ ವಿದ್ಯೆ ಹರಿದುಬಂದಿತ್ತು.

ಛೆನ್ ಪದ್ಧತಿಯ ಜೀವಾಳವಾದ ಚಲನೆಯೊಂದನ್ನು ಹತ್ತಿರದಿಂದ ನೋಡಿದರೆ ಅದು ಎಂಥವರ ಕೈಯಲ್ಲಿ ರೂಪುಗೊಂಡದ್ದೆಂಬುದು ಇನ್ನೂ ಸ್ಪಷ್ಟವಾಗುವುದು. ಅಂಗಾಲಿನಿಂದ ಹೊರಟ ಬಲ ಮೊಣಕಾಲು, ಸೊಂಟ, ಬೆನ್ನು, ಭುಜಗಳಲ್ಲಿ ತಿರುಚಿಕೊಳ್ಳುತ್ತ ಬೆರಳ ತುದಿಗೆ ಬಂದು, ಮತ್ತೆ ಅದೇ ಸುರುಳಿಯಲ್ಲಿ ಹಿಂದಿರುಗುತ್ತದೆ. ಕೈ ಯಾವ ಗಳಿಗೆಯಲ್ಲಿಯೂ ನೇರಗೆರೆಯಲ್ಲಿ ಹೋಗುವುದಿಲ್ಲ. ಈ ಸಾಧನೆಗೆ ಅವರು ಇಟ್ಟ ಹೆಸರು ರೇಷ್ಮೆಯ ಕಸುಬಿನದು. ನಮ್ಮ ಶಿಡ್ಲಘಟ್ಟ, ರಾಮನಗರಗಳಲ್ಲಿ ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯನ್ನು ತೆಗೆಯುವಾಗ ಹೇಗೆ ರಭಸದಿಂದ ಎಳೆದರೆ ಎಳೆ ಹರಿದೀತು, ತಡೆದು ತಡೆದು ಎಳೆದರೆ ಸಿಕ್ಕಾದೀತು ಎಂದು ಒಂದೇ ಸಮನಾದ ಹದವನ್ನು ಕಾಪಾಡಿಕೊಳ್ಳುವರೋ ಹಾಗೆಯೇ ಇಲ್ಲಿಯೂ. ಇಬ್ಬರು ಎದುರುಬದುರಾಗಿ ನಿಂತು ಮಣಿಕಟ್ಟಿಗೆ ಮಣಿಕಟ್ಟು ತಗುಲಿಸಿ, ಒಬ್ಬನ ಒತ್ತಡವನ್ನು ಇನ್ನೊಬ್ಬನು ಎದುರಿಸದೆ ಸುತ್ತಿಸಿ ಬರಿದುಮಾಡುವ ಅಭ್ಯಾಸವನ್ನು ನೋಡಿದವನಿಗೆ, ಇದರಲ್ಲಿ ಮಾಯೆಯೇನೂ ಇಲ್ಲ, ಒಕ್ಕಲುತನದ ಕೈಗಳ ನಾಜೂಕಿದೆ ಎಂದು ತೋರೀತು.

ವಿದ್ಯೆ ಊರು ಬಿಟ್ಟಾಗ ಅದರ ಸ್ವರೂಪವೂ ಬದಲಾಗುತ್ತದೆ. ಹೆಬೇ ಪ್ರಾಂತದ ಯೊಂಗ್‌ನ್ಯೆನ್ ತಾಲ್ಲೂಕಿನ ಬಡವನಾದ ಯಾಂಗ್ ಲೂಛಾನ್ (1799–1872) ಛೆನ್ ಹಳ್ಳಿಯಲ್ಲಿ ಬಹುಕಾಲವಿದ್ದು, ಹೊರಗಿನವರಿಗೆ ಸುಲಭವಾಗಿ ಹೇಳಿಕೊಡದ ಆ ವಿದ್ಯೆಯನ್ನು ಛೆನ್ ಛಾಂಗ್‌ಶಿಂಗನಿಂದ ಪಡೆದು, ಬೀಜಿಂಗಿಗೆ ಹೋಗಿ ಮಂಚು ಪ್ರಭುಗಳ ಮನೆಗಳಲ್ಲಿ ಗುರುವಾದನು. ಅವನ ಮನೆತನದವರ ಕೈಯಲ್ಲಿ, ಓದುಬರಹದಲ್ಲೇ ಬೆಳೆದ ನಗರವಾಸಿಗಳಿಗಾಗಿ, ಛೆನ್ ಪದ್ಧತಿಯ ನೆಗೆತ, ಕಾಲಪ್ಪಳಿಕೆ, ಥಟ್ಟನೆಯ ಸ್ಫೋಟಗಳು ಕ್ರಮೇಣ ಅಡಗಿ, ಇಂದು ನಾವು ಕಾಣುವ ನಿಧಾನಗತಿ ಸಿದ್ಧಿಸಿತು. ಅದೇ ರಾಜಧಾನಿಯಲ್ಲಿ, ವೆನ್‌ಆನ್ ತಾಲ್ಲೂಕಿನಿಂದ ಬಂದು ರಾಜಕುಮಾರನೊಬ್ಬನ ಅರಮನೆಯಲ್ಲಿ ಊಳಿಗಕ್ಕಿದ್ದ ದೊಂಗ್ ಹಾಯ್‌ಛ್ವಾನನು ವೃತ್ತಾಕಾರವಾಗಿ ನಡೆಯುತ್ತ ಕಾದುವ ಬಾಗ್ವಾ ಪದ್ಧತಿಯನ್ನು ಪ್ರಚಾರಕ್ಕೆ ತಂದನು. ಅವನ ಶಿಷ್ಯರಲ್ಲಿ ಪ್ರಖ್ಯಾತನಾದ ಛೆಂಗ್ ತಿಂಗ್‌ಹ್ವಾ ಕನ್ನಡಕ ಮಾಡಿ ಮಾರುವವನು. 1900ರಲ್ಲಿ ವಿದೇಶೀ ಸೈನ್ಯಗಳು ಬೀಜಿಂಗನ್ನು ಹೊಕ್ಕಾಗ ಅವರ ಗುಂಡಿಗೆ ಬಲಿಯಾದನು. ಅರಮನೆಯ ಆಳು, ಕನ್ನಡಕದ ವ್ಯಾಪಾರಿ: ಆಚಾರ್ಯಪರಂಪರೆಯೆಂದರೆ ಇವರು.

ಪಶ್ಚಿಮಕ್ಕೆ ತಿರುಗಿ ಶಾನ್‌ಶಿ ಪ್ರಾಂತವನ್ನು ನೋಡಿದರೆ ವಿದ್ಯೆಗೂ ಹಣಕ್ಕೂ ಇರುವ ನಂಟು ಇನ್ನಷ್ಟು ನಿಚ್ಚಳವಾಗುತ್ತದೆ. ಆ ಪ್ರಾಂತದ ಛಿ, ತಾಯ್‌ಗು, ಪಿಂಗ್‌ಯಾವೊ ತಾಲ್ಲೂಕುಗಳ ವರ್ತಕರು ಮಂಗೋಲಿಯವನ್ನು ದಾಟಿ ರಷ್ಯದ ಗಡಿಯವರೆಗೆ ಚಹ ಸಾಗಿಸುತ್ತಿದ್ದರು. ಹುಂಡಿ ವ್ಯವಹಾರದ ಮೊದಲ ಪೇಢಿಯೆಂದು ಹೆಸರಾದ ರಿಶೆಂಗ್‌ಛಾಂಗ್ 1823ರಲ್ಲಿ ಆರಂಭವಾದದ್ದು ಪಿಂಗ್‌ಯಾವೊದಲ್ಲಿಯೇ. ಬೆಳ್ಳಿಯ ಗಟ್ಟಿಗಳನ್ನು ಹೊತ್ತ ಗಾಡಿಗಳು ಕಳ್ಳರ ಹಾದಿಯಲ್ಲಿ ಹೋಗಬೇಕಾದರೆ ಈಟಿ ಹಿಡಿದ ಕಾವಲುಗಾರರು ಬೇಕು. ಕಾವಲುಗಾರರಿಗೆ ಗುರುಗಳು ಬೇಕು. ಗುರುಗಳಿಗೆ ಅನ್ನ ಹಾಕುವ ಸಾಹುಕಾರರು ಬೇಕು. ಈ ಮೂರೂ ಅಲ್ಲಿ ಕೂಡಿಬಂದವು. ಹದಿನೇಳನೆಯ ಶತಮಾನದಲ್ಲಿ ಪೂಜೋ ಸೀಮೆಯ ಜಿ ಜಿಕೆ ಎಂಬ ಈಟಿಗಾರನು ಈಟಿಯ ಇರಿತವನ್ನೇ ಮುಷ್ಟಿಗೆ ಅಳವಡಿಸಿದನೆಂದು ಸಂಪ್ರದಾಯ ಹೇಳುತ್ತದೆ. ಅವನಿಂದ ಬಂದ ವಿದ್ಯೆಯ ಒಂದು ಕವಲು ಹೆನಾನಿನ ಮುಸಲ್ಮಾನರಲ್ಲಿಯೂ, ಇನ್ನೊಂದು ಛಿ ತಾಲ್ಲೂಕಿನ ದಾಯ್ ಮನೆತನದಲ್ಲಿಯೂ ಉಳಿದುಬಂದಿತು. ಹೆಬೇ ಪ್ರಾಂತದ ಲಿ ಲುವೊನೆಂಗನು ಶಾನ್‌ಶಿಗೆ ಬಂದು, ದಾಯ್ ಮನೆತನದಿಂದ ಅದನ್ನು ಕಲಿತು, ತನ್ನ ಸೀಮೆಗೂ ಕೊಂಡೊಯ್ದನು. ಶಿಂಗ್‌ಯಿ ಎಂಬ ಆ ಪದ್ಧತಿಯಲ್ಲಿ ಅಲಂಕಾರವಿಲ್ಲ. ನೇರವಾಗಿ ಮುನ್ನುಗ್ಗಿ, ಮೈಭಾರವನ್ನೆಲ್ಲ ಒಂದು ಗುದ್ದಿಗೆ ತರುವುದೇ ಅದರ ಸಾರ. ಗಾಡಿಯನ್ನು ಬಿಟ್ಟು ಹಿಂದೆ ಸರಿಯುವ ಅವಕಾಶವಿಲ್ಲದ ಕಾವಲುಗಾರನಿಗೆ ಇದು ತಕ್ಕ ವಿದ್ಯೆಯಲ್ಲವೆ?

ಪೂರ್ವದಲ್ಲಿ ತ್ಸಾಂಗ್‌ಜೋ ಸೀಮೆಯದೂ ಇಂಥದೇ ವೃತ್ತಾಂತ. ಉಪ್ಪು ನೆಲದ, ಬರಕ್ಕೂ ಪ್ರವಾಹಕ್ಕೂ ತುತ್ತಾದ ಬಡ ಸೀಮೆ ಅದು. ಆದರೆ ದಕ್ಷಿಣದ ಧಾನ್ಯವನ್ನು ರಾಜಧಾನಿಗೆ ಒಯ್ಯುತ್ತಿದ್ದ ಮಹಾಕಾಲುವೆ ಅದರ ನಡುವೆಯೇ ಹಾದುಹೋಗುತ್ತಿತ್ತು. ಹೊಲ ಅನ್ನ ಕೊಡದ ಕಡೆಯಲ್ಲಿ ತೋಳು ಕೊಟ್ಟಿತು: ದೋಣಿಗಳಿಗೂ ಗಾಡಿಗಳಿಗೂ ಬೆಂಗಾವಲಾಗಿ ಹೋಗುವುದು ಅಲ್ಲಿನ ಕಸುಬಾಯಿತು. ಅಲ್ಲಿಯ ಮೆಂಗ್‌ತ್ಸುನ್ ಪ್ರದೇಶದಲ್ಲಿ ಹ್ವೇ ಎಂಬ ಮುಸಲ್ಮಾನ ಸಮುದಾಯದ ವು ಮನೆತನದವರು ಬೆಳೆಸಿದ ಬಾಜಿ ಪದ್ಧತಿ, ಮೊಣಕೈ ಭುಜಗಳಿಂದ ಮೈಗೆ ಮೈ ತಾಗಿಸಿ ಹೊಡೆಯುವ ಉಗ್ರವಿದ್ಯೆ; ಅದನ್ನು ಕಲಿತ ಲಿ ಶೂವೆನ್ ಎಂಬ ಈಟಿವೀರನ ಶಿಷ್ಯನೊಬ್ಬನು ಚೀನದ ಕಟ್ಟಕಡೆಯ ಚಕ್ರವರ್ತಿ ಪುಯಿಗೆ ಗುರುವೂ ಅಂಗರಕ್ಷಕನೂ ಆದನು. ಬೀಜಿಂಗಿನಲ್ಲಿ ಬೆಂಗಾವಲಿನ ಮಂಡಿ ನಡೆಸುತ್ತಿದ್ದು, ಸುಧಾರಕ ಟಾನ್ ಸಿತೊಂಗನ ಮಿತ್ರನಾಗಿದ್ದು, 1900ರಲ್ಲಿ ವಿದೇಶೀ ಪಡೆಗಳಿಂದ ಹತನಾದ ‘ದೊಡ್ಡಕತ್ತಿಯ ವಾಂಗ್ ವು’ ಕೂಡ ಈ ಸೀಮೆಯ ಹ್ವೇ ಸಮುದಾಯದವನೇ. ಸಕಲವೂ ಬೌದ್ಧವಿಹಾರದಿಂದ ಬಂದಿತೆಂಬ ಕಥೆಯಲ್ಲಿ ಈ ಮುಸಲ್ಮಾನ ಗುರುಗಳಿಗೆ ಸ್ಥಳವೆಲ್ಲಿದೆ? ಪುರಾಣದಿಂದಾಗುವ ಅನ್ಯಾಯವೆಂದರೆ ಇದೇ. 1901ರಲ್ಲಿ ಕಾಲುವೆಯ ಮೂಲಕ ಧಾನ್ಯ ಸಾಗಣೆ ನಿಂತಿತು. ಅದೇ ವರ್ಷ ಸೈನಿಕ ಅಧಿಕಾರಿಗಳ ಆಯ್ಕೆಗಾಗಿದ್ದ ಪುರಾತನ ಪರೀಕ್ಷೆಯೂ ರದ್ದಾಯಿತು. ಹಿಂದೆಯೇ ರೈಲು ಬಂದಿತು. ಕಾವಲಿನ ಕಸುಬು ಅಳಿದ ಮೇಲೆ ಉಸ್ತಾದರು ನಗರಗಳಿಗೆ ಹೋಗಿ ಶಾಲೆ ತೆರೆದರು. 1910ರಲ್ಲಿ ಶಾಂಘಾಯಿಯಲ್ಲಿ ಆರಂಭವಾದ ಜಿಂಗ್‌ವು ಸಂಘ, ಟ್ಯೆನ್‌ಜಿನ್ ಬಳಿಯ ಹುವೊ ಯುವಾನ್‌ಜಿಯಾನನ್ನು ತನ್ನ ಮೂಲಪುರುಷನೆಂದು ಗೌರವಿಸುವ ಸಂಸ್ಥೆ, ಈ ಹೊಸ ಕಾಲದ ಕೂಸು.

ದಕ್ಷಿಣದ ಪುರಾಣಕ್ಕೆ ಇನ್ನೊಂದು ಶಾವೋಲಿನ್ ಬೇಕಾಯಿತು. ಫೂಜಿಯಾನ್ ಪ್ರಾಂತದಲ್ಲಿ ಎರಡನೆಯ ವಿಹಾರವೊಂದಿತ್ತೆಂದೂ, ಮಂಚು ದೊರೆಗಳು ಅದನ್ನು ಸುಟ್ಟರೆಂದೂ, ಪಾರಾದ ಐವರು ದಕ್ಷಿಣದ ಪದ್ಧತಿಗಳನ್ನೆಲ್ಲ ಸ್ಥಾಪಿಸಿದರೆಂದೂ ಕಥೆ. ಇದರ ಮೂಲರೂಪ ದೊರೆಯುವುದು ಆಕಾಶ-ಭೂಮಿ ಸಂಘವೆಂಬ ಗುಪ್ತಕೂಟದ ದೀಕ್ಷಾವಿಧಿಯ ಬರಹಗಳಲ್ಲಿ. ಆ ಕೂಟವಾದರೋ 1760ರ ದಶಕದಲ್ಲಿ ಫೂಜಿಯಾನಿನ ಜಾಂಗ್‌ಪು ತಾಲ್ಲೂಕಿನಲ್ಲಿ, ನೆಲೆಯಿಲ್ಲದೆ ಅಲೆಯುವ ಕೂಲಿಗಳೂ ಸಣ್ಣ ವ್ಯಾಪಾರಿಗಳೂ ಪರಸ್ಪರ ರಕ್ಷಣೆಗಾಗಿ ಕಟ್ಟಿಕೊಂಡದ್ದೆಂಬುದು ಅರಸೊತ್ತಿಗೆಯ ಕಡತಗಳನ್ನು ಶೋಧಿಸಿದ ಇತಿಹಾಸಕಾರರ ನಿರ್ಣಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾದಂಬರಿಗಳು ಕಥೆಯನ್ನು ಊರಾಡಿಸಿದವು. ಇತ್ತೀಚಿನ ದಶಕಗಳಲ್ಲಿ ಪೂಟ್ಯೆನ್, ಛ್ವಾನ್‌ಜೋ, ಫೂಛಿಂಗ್ ಎಂಬ ಮೂರು ಊರುಗಳು ಆ ಸುಟ್ಟ ವಿಹಾರ ತಮ್ಮಲ್ಲಿತ್ತೆಂದು ವಾದಿಸಿ, ಯಾತ್ರಿಕರಿಗಾಗಿ ಹೊಸ ವಿಹಾರಗಳನ್ನು ಎಬ್ಬಿಸಿವೆ. ನಿಜವಾದ ಫೂಜಿಯಾನಿಗೆ ಈ ಬೂದಿಯ ಹಂಗು ಬೇಕಿಲ್ಲ. ಯೊಂಗ್‌ಛುನ್ ತಾಲ್ಲೂಕು ಬಿಳಿಕೊಕ್ಕರೆಯ ಪದ್ಧತಿಗೆ ತವರು. ಹತ್ತೊಂಬತ್ತನೆಯ ಶತಮಾನದಲ್ಲಿ ಫೂಜೋ ಬಂದರಿಗೆ ಬಂದು ಕಲಿತುಹೋದ ಒಕಿನಾವ ದ್ವೀಪದವರಾದ ಹಿಗಾವೊನ್ನ ಕಾನ್ರ್ಯೊ, ಅನಂತರ ಉಯೆಚಿ ಕಾನ್‌ಬುನ್ ಮುಂತಾದವರ ಮೂಲಕ ಕರಾಟೆಯ ಕೆಲವು ಮುಖ್ಯ ಶಾಖೆಗಳಿಗೆ ಈ ಸೀಮೆಯೇ ನೀರೆರೆದಿದೆ. ನಮ್ಮ ಊರುಗಳ ಸಭಾಭವನಗಳಲ್ಲಿ ಬಿಳಿಯ ಅಂಗಿ ತೊಟ್ಟು ಕರಾಟೆ ಕಲಿಯುವ ಮಕ್ಕಳಲ್ಲಿ ಅನೇಕರ ವರಸೆಯಲ್ಲಿ ಫೂಜೋ ಬಂದರಿನ ಅಂಶವುಂಟು.

ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಮುಷ್ಟಿವಿದ್ಯೆಯನ್ನು ಪೊರೆದವರು ನಾಟಕದವರು, ವೈದ್ಯರು, ಕುಶಲಕರ್ಮಿಗಳು. ಫೋಶಾನ್ ಕಬ್ಬಿಣದ ಎರಕಕ್ಕೂ ಮಣ್ಣಿನ ಪಾತ್ರೆಗಳಿಗೂ ಹೆಸರಾದ ವ್ಯಾಪಾರಸ್ಥಳ. ಕೆಂಪು ಬಣ್ಣದ ದೋಣಿಗಳಲ್ಲಿ ಊರೂರು ತಿರುಗುತ್ತಿದ್ದ ನಾಟಕಮಂಡಳಿಗಳ ಕೇಂದ್ರವೂ ಅದೇ. ರಂಗದ ಮೇಲೆ ಯುದ್ಧವನ್ನು ಅಭಿನಯಿಸುತ್ತಿದ್ದ ನಟರು ರಂಗದ ಕೆಳಗೂ ಯುದ್ಧ ಬಲ್ಲವರಾಗಿದ್ದರು: 1854ರಲ್ಲಿ ಲಿ ವೆನ್‌ಮಾವೊ ಎಂಬ ನಟ ವೇಷಭೂಷಣ ಸಹಿತನಾಗಿಯೇ ದಂಗೆಯ ಮುಂದಾಳಾದನು, ಸರ್ಕಾರ ನಟರ ಸಂಘದ ಭವನವನ್ನು ನೆಲಸಮ ಮಾಡಿ ನಾಟಕವನ್ನೇ ನಿಷೇಧಿಸಿತು. ವಿಂಗ್ ಚುನ್ ಪದ್ಧತಿ ಈ ಕೆಂಪು ದೋಣಿಗಳಿಂದ ಇಳಿದು ಬಂದಿತೆಂದು ಅದರವರು ಹೇಳುತ್ತಾರೆ. ಸ್ಪಷ್ಟವಾಗಿ ತಿಳಿದಿರುವ ಅದರ ಮೊದಲ ಗುರು ಲ್ಯೂಂಗ್ ಜಾನ್, ಫೋಶಾನಿನಲ್ಲಿ ಔಷಧಿಯ ಅಂಗಡಿ ಇಟ್ಟಿದ್ದ ವೈದ್ಯ. ಪ್ರಸಿದ್ಧನಾದ ವಾಂಗ್ ಫೇ-ಹಂಗನೂ ಮುರಿದ ಎಲುಬು, ಉಳುಕಿದ ಕೀಲುಗಳಿಗೆ ಚಿಕಿತ್ಸೆ ಮಾಡಿ ಬದುಕಿದವನು. 1949ರಲ್ಲಿ ಆಸ್ತಿ ತೊರೆದು ಹಾಂಗ್‌ಕಾಂಗಿಗೆ ಬಂದ ಇಪ್ ಮ್ಯಾನ್, ಬ್ರೂಸ್ ಲೀಯ ಗುರುವಾಗಿ ಜಗದ್ವಿಖ್ಯಾತನಾಗುವ ಮೊದಲು, ಅಲ್ಲಿ ಮೊದಲು ಪಾಠ ಹೇಳಿದ್ದು ಹೋಟೆಲ್ ಕಾರ್ಮಿಕರ ಸಂಘದಲ್ಲಿ. ಒಂದು ವಿದ್ಯೆ ನಟನಿಂದ ವೈದ್ಯನಿಗೆ, ವೈದ್ಯನಿಂದ ಹೋಟೆಲಿನ ಮಾಣಿಗೆ ಸಾಗಿದ ದಾರಿಯಲ್ಲಿ ಯಾವ ಶಿಖರವೂ ಅಡ್ಡಬರುವುದಿಲ್ಲ.

ಪುರಾಣವನ್ನು ಒಪ್ಪದವರು ಕೂಡ ಸುಲಭವಾಗಿ ಜಾರಿಬೀಳುವ ಇನ್ನೊಂದು ಹಳ್ಳವಿದೆ: ಅದು ಭೂಗೋಳದ ವಾದ. ದಕ್ಷಿಣಕ್ಕೆ ಮುಷ್ಟಿ, ಉತ್ತರಕ್ಕೆ ಕಾಲು ಎಂಬುದು ಚೀನದಲ್ಲಿ ಪ್ರಸಿದ್ಧವಾದ ನಾಣ್ಣುಡಿ. ಉತ್ತರದ ಬಯಲಿನಲ್ಲಿ ಕುದುರೆಯೇರಿದ ಎತ್ತರದ ಜನ ಕಾಲು ಬೀಸಿ ಒದೆಯುವರು, ದಕ್ಷಿಣದ ಇಕ್ಕಟ್ಟಾದ ಓಣಿಗಳಲ್ಲಿ, ಓಲಾಡುವ ದೋಣಿಗಳಲ್ಲಿ ಬಾಳುವ ಗಿಡ್ಡನೆಯ ಜನ ಕಾಲೂರಿ ನಿಂತು ಕೈ ಆಡಿಸುವರು ಎಂದು ವ್ಯಾಖ್ಯಾನ. ಕೇಳಲು ಅಚ್ಚುಕಟ್ಟಾಗಿದೆ, ಪರೀಕ್ಷೆಗೆ ನಿಲ್ಲುವುದಿಲ್ಲ. ಮೇಲೆ ಹೇಳಿದ ಶಿಂಗ್‌ಯಿ, ಬಾಜಿ ಎರಡೂ ಅಪ್ಪಟ ಉತ್ತರದವು. ಎರಡರಲ್ಲಿಯೂ ಎತ್ತರದ ಒದೆತ ಇಲ್ಲವೆಂದೇ ಹೇಳಬಹುದು. ಒಂದು ಎತ್ತು ಮಲಗುವಷ್ಟು ಜಾಗ ಸಾಕು, ಅಷ್ಟರಲ್ಲೇ ಕಾದಬಲ್ಲೆವು ಎಂಬುದು ಉತ್ತರದ ಶಾವೋಲಿನ್‌ನವರದೇ ಹೆಮ್ಮೆಯ ಮಾತು. ಇತ್ತ 1836ರಲ್ಲಿ ಗುವಾಂಗ್‌ಡಾಂಗಿನ ಶಿನ್‌ಹ್ವೇ ತಾಲ್ಲೂಕಿನ ಚಾನ್ ಹ್ಯೂಂಗ್ ಸ್ಥಾಪಿಸಿದ ಚೋಯ್ ಲಿ ಫಟ್ ಪದ್ಧತಿ ದಕ್ಷಿಣದ್ದಾದರೂ ತೋಳುಗಳನ್ನು ಕವಣೆಯ ಹಾಗೆ ದೂರ ದೂರ ಬೀಸುತ್ತದೆ. ಮಣ್ಣೂ ನೀರೂ ದೇಹವನ್ನು ತಿದ್ದುವುದಿಲ್ಲವೆಂದು ನನ್ನ ವಾದವಲ್ಲ. ಯಾವ ಕಸುಬಿನವನು, ಯಾವ ಆಯುಧವನ್ನು ಹಿಡಿದವನು, ಯಾರಿಂದ ಕಲಿತನು, ಯಾರನ್ನು ಎದುರಿಸಬೇಕಾಗಿದ್ದಿತು ಎಂಬ ಪ್ರಶ್ನೆಗಳು ಮಣ್ಣಿನ ಪ್ರಶ್ನೆಗಿಂತ ಹೆಚ್ಚು ಉತ್ತರ ಕೊಡುತ್ತವೆಂಬುದಷ್ಟೇ.

ಇದಲ್ಲದೆ ಪದ್ಧತಿಗಳು ಹುಟ್ಟಿದ ಊರಿನಲ್ಲಿಯೇ ಬೇರೂರಿ ಕುಳಿತವೂ ಅಲ್ಲ. 1929ರಲ್ಲಿ ಗು ರುಜಾಂಗ್, ವಾನ್ ಲಾಯ್‌ಶೆಂಗ್ ಮೊದಲಾದ ಐವರು ಗುರುಗಳು ‘ದಕ್ಷಿಣಕ್ಕಿಳಿದ ಐದು ಹುಲಿಗಳು’ ಎಂಬ ಬಿರುದಿನೊಡನೆ ಗುವಾಂಗ್‌ಜೋ ನಗರಕ್ಕೆ ಹೋಗಿ ಉತ್ತರದ ವಿದ್ಯೆಗಳನ್ನು ಕಲಿಸಿದುದರ ಫಲವಾಗಿ, ಇಂದು ‘ಉತ್ತರ ಶಾವೋಲಿನ್’ ಎಂಬ ಹೆಸರಿನ ಪದ್ಧತಿಯನ್ನು ದಕ್ಷಿಣದ ಗುವಾಂಗ್‌ಡಾಂಗ್, ಹಾಂಗ್‌ಕಾಂಗ್‌ಗಳಲ್ಲಿ ಆಸ್ಥೆಯಿಂದ ಕಾಪಾಡಿಕೊಂಡಿರುವವರಿದ್ದಾರೆ. 1980ರ ದಶಕದಲ್ಲಿ ಚೀನ ಸರ್ಕಾರ ನಡೆಸಿದ ಸರ್ವೇಕ್ಷಣೆಯಲ್ಲಿ ಸ್ವತಂತ್ರವೆಂದು ಪರಿಗಣಿತವಾದ ಪದ್ಧತಿಗಳು 129. ಇಷ್ಟನ್ನೂ ಒಂದು ಮೂಲಕ್ಕೆ, ಒಬ್ಬ ಪುರುಷನಿಗೆ ಕಟ್ಟಿಹಾಕುವುದು ಹೇಗೆ ಸಾಧ್ಯ?

ಐತಿಹ್ಯದಿಂದ ಯಾರಿಗೇನು ನಷ್ಟ, ಅದರಿಂದ ಶಿಷ್ಯನಲ್ಲಿ ಶ್ರದ್ಧೆಯೂ ಶೀಲವೂ ಬೆಳೆಯುವುದಾದರೆ ಸುಮ್ಮನೆ ಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಅಭ್ಯಾಸಶಾಲೆಯ ಗೋಡೆಯ ಮೇಲೆ ಬೋಧಿಧರ್ಮನ ಚಿತ್ರಕ್ಕೆ ಊದುಕಡ್ಡಿ ಹಚ್ಚುವವನೊಡನೆ ನನಗೆ ಜಗಳವಿಲ್ಲ. ಶ್ರದ್ಧೆಗೆ ಅದರದೇ ಆದ ಪ್ರಯೋಜನವುಂಟು. ನನ್ನ ಆಕ್ಷೇಪಣೆ ಶ್ರದ್ಧೆಯ ವಸ್ತುವನ್ನು ಚರಿತ್ರೆಯೆಂದು ಪಾಠಹೇಳುವವರ, ಅದರ ಮೇಲೆ ಒಂದು ದೇಶದ ಅಥವಾ ಒಂದು ಭಾಷೆಯ ಜಂಭವನ್ನು ಕಟ್ಟುವವರ ಮೇಲೆ. ಒಬ್ಬ ರಾಜಪುತ್ರನು ಕಡಲು ದಾಟಿ ಹೋಗಿ ಎಲ್ಲವನ್ನೂ ಕೊಟ್ಟನೆಂದು ಸಾರಿದೊಡನೆ ಛೆನ್ ಹಳ್ಳಿಯ ರೈತ, ಮೆಂಗ್‌ತ್ಸುನಿನ ಮುಸಲ್ಮಾನ, ಫೋಶಾನಿನ ನಟ ಇವರೆಲ್ಲ ಪಡೆದುಕೊಂಡವರಾಗಿಬಿಡುತ್ತಾರೆ. ಬೆವರು ಸುರಿಸಿ ಸೃಷ್ಟಿಸಿದವರೆಂಬ ಮರ್ಯಾದೆ ಅವರಿಗೆ ತಪ್ಪಿಹೋಗುತ್ತದೆ. ನಮ್ಮ ಶಿಲ್ಪವನ್ನು ಗ್ರೀಕರು ಕಲಿಸಿದರು, ನಾಟಕವನ್ನು ಗ್ರೀಕರು ಕಲಿಸಿದರು ಎಂದು ಐರೋಪ್ಯ ವಿದ್ವಾಂಸರು ಬರೆದಾಗ ನಮ್ಮ ಹಿರಿಯರು ಎಷ್ಟು ನೊಂದು ಪ್ರತಿಭಟಿಸಿದರೆಂಬುದನ್ನು ಮರೆತು, ಅದೇ ತಪ್ಪನ್ನು ನಾವು ನೆರೆಯವರ ವಿಷಯದಲ್ಲಿ ಮಾಡುವುದು ನ್ಯಾಯವಲ್ಲ.

ಅಭಿಮಾನಕ್ಕೆ ಆಧಾರ ಬೇಕೆಂದಾದರೆ ಅದಕ್ಕಾಗಿ ಹೊರನಾಡಿಗೆ ಹೋಗಬೇಕಾದುದೂ ಇಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳ ಶ್ರೇಣಿಗಳು, ಅವರ ಆಹಾರ, ವ್ಯಾಯಾಮ, ಕಾಳಗದ ಕ್ರಮಗಳು ವಿವರವಾಗಿ ನಿರೂಪಿತವಾಗಿವೆ, ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ದಸರೆಯಲ್ಲಿ ಇಂದಿಗೂ ನಡೆಯುತ್ತದೆ. ಇವುಗಳ ಕಾಲ ತಿಳಿದಿದೆ, ಊರು ತಿಳಿದಿದೆ, ಪೊರೆದವರು ಯಾರೆಂಬುದು ತಿಳಿದಿದೆ. ಊರೂರಿನ ಗರಡಿಮನೆಗಳಲ್ಲಿ ಪಾಠ ಹೇಳಿದ ಉಸ್ತಾದರು ಯಾರು, ಅವರಿಗೆ ಹಾಲು ತುಪ್ಪ ಒದಗಿಸಿದವರು ಯಾರು, ಯಾವ ಪಟ್ಟು ಯಾವ ಸೀಮೆಯಿಂದ ಬಂದಿತು ಎಂಬುದನ್ನು ಟಾಂಗ್ ಹಾವೊ ಛೆನ್ ಹಳ್ಳಿಗೆ ನಡೆದುಹೋಗಿ ವಿಚಾರಿಸಿದಂತೆ ವಿಚಾರಿಸಿ ಬರೆದಿಡುವ ಕೆಲಸ ನಮ್ಮಲ್ಲಿ ನಡೆಯಬೇಕಾಗಿದೆ. ಆ ಸಂಗತಿಗಳನ್ನು ಬಲ್ಲ ವೃದ್ಧರು ಇರುವಾಗಲೇ ನಡೆಯಬೇಕಾಗಿದೆ. ಕಾಂಚಿಯ ರಾಜಪುತ್ರನಿಗಾಗಿ ವಾದಿಸುವ ಉತ್ಸಾಹದಲ್ಲಿ ಅರ್ಧಪಾಲನ್ನು ನಮ್ಮ ವಿಶ್ವವಿದ್ಯಾಲಯಗಳೂ ವಿದ್ಯಾರ್ಥಿಗಳೂ ಈ ಕೆಲಸಕ್ಕೆ ವಿನಿಯೋಗಿಸಿದರೆ ಕನ್ನಡಕ್ಕೊಂದು ಒಳ್ಳೆಯ ಗ್ರಂಥ ಲಭಿಸೀತು. ಚೀನೀಯರಿಗೆ ಸಲ್ಲಬೇಕಾದುದು ಚೀನೀಯರಿಗೆ ಸಂದೀತು.